ಮೂಗಿನ ತುದಿಗೆ ಹತ್ತು ಸಲ

ಡಾಕ್ಟರು ಬೆರಳಿನಿಂದ ಮೂಗಿನ ತುದಿ ತಟ್ಟಿದರು, ಮೆಲ್ಲಗೆ,
ಕದ ತಟ್ಟಲು ನಾಚುವ ನೆರೆಯವರ ಹಾಗೆ.
ಹೆಲೆದ್ ಬೆಚ್ಚಿದಳು.
ಮತ್ತೆ ತಟ್ಟಿದರು. ಮತ್ತೆ ಬೆಚ್ಚಿದಳು.
ಬೇರೆ ಕೂಸುಗಳಾದರೆ ಮೂರನೆಯ ಸಲಕ್ಕೇ ಬೇಸತ್ತು
ಸುಮ್ಮನಾಗುತ್ತವಂತೆ.
ಇವಳಿಗೆ ಹತ್ತನೆಯದೂ ಮೊದಲನೆಯದೇ.

ಒಂಬತ್ತು ವಾರದವಳು.
ಚಮಚ ಬಿದ್ದರೆ ಸೆಟೆದು ಹಲಗೆಯಾಗುತ್ತಾಳೆ,
ಉಸಿರೂ ಹಲಗೆಯಾಗುತ್ತದೆ.
ಆಗ ತಲೆಯನ್ನೂ ಮಂಡಿಯನ್ನೂ ಒಂದಕ್ಕೊಂದು ತಂದು
ಕಾಗದ ಮಡಿಸಿದಂತೆ ಮಡಿಸಬೇಕು, ನರ್ಸ್ ಕಲಿಸಿಕೊಟ್ಟಳು.
ಇದ್ವಾಲ್ ಮೊದಲು ಕಲಿತ. ನನ್ನ ಕೈ ನಡುಗುತ್ತಿತ್ತು.

ಮನೆಯಲ್ಲಿ ತುದಿಗಾಲಿನ ಬಾಳು.
ಕೆಟಲಿನ ಸೀಟಿ ಕಿತ್ತೆಸೆದೆವು,
ಗೋಡೆಯ ಗಡಿಯಾರ ಅತ್ತೆ ಮಾರ್ಗೆಡ್‌ಳ ಮನೆ ಸೇರಿತು,
ಆಮೇಲೆ ನಾಯಿಯೂ.
ಕಡಲಹಕ್ಕಿಗಳನ್ನು ಎಲ್ಲಿಗೆ ಕಳಿಸುವುದು?

ಕಾರ್ಡಿಫಿನ ಕತ್ತಲೆ ಕೋಣೆಯೊಂದರಲ್ಲಿ ಎವ್ದೋಕಿಯಾ
ಪರದೆ ತೋರಿಸಿದಳು: ಕಪ್ಪಿನ ಮೇಲೆ ಒಂದೇ ಚುಕ್ಕೆ,
ಮಿಣುಕುತ್ತ, ದಾರಿ ತಪ್ಪಿದ್ದರ ಹಾಗೆ ಅಲೆಯುತ್ತ.
'ಇದು ಇಲಿಯ ನರಕೋಶ, ನಿಮ್ಮ ಮಗಳದಲ್ಲ,' ಎಂದಳು.
ಆ ಪ್ರಾಮಾಣಿಕತೆ ಹಿಡಿಸಿತು ನನಗೆ.

ಮಿದುಳೆಂದರೆ ಹೂಂ, ಹೂಂ ಎನ್ನುತ್ತಲೇ ಇರುವ ಯಂತ್ರ
ಅಂದುಕೊಂಡಿದ್ದೆ. ಅಲ್ಲವಂತೆ.
ಅದರ ಜಾಣತನ ಬಹುಪಾಲು ಉಹೂಂ.
ಗ್ಲೈಸಿನ್ ಬಂದು ಮುಟ್ಟಿದರೆ ತೆರೆದುಕೊಳ್ಳುವ ಪುಟ್ಟ ಬಾಗಿಲುಗಳು,
ಒಳನುಗ್ಗುವುದು ಕ್ಲೋರೈಡ್, ಉಪ್ಪಿನ ಒಂದು ಪಾಲು,
ನಮ್ಮ ಅಳಿವೆಯ ನೀರಿನಲ್ಲೂ ಇರುವಂಥದೇ.
ಅದು ಹೊಕ್ಕರೆ ಕೋಶ ತಣ್ಣಗೆ ಕೂರುತ್ತದೆ.

(ನನ್ನ ಅಜ್ಜ ಹುಲ್ಲುಗಾವಲಿನ ಮೋಲ್‌ಗಳಿಗೆಂದು
ಎರೆಹುಳಕ್ಕೆ ಕಾಸರಕದ ವಿಷ ಸವರುತ್ತಿದ್ದ.
ನಾಯಿಯೊಂದು ತಿಂದು ಬಿಲ್ಲಿನಂತೆ ಬಾಗಿ ಸತ್ತಿತ್ತು.
ಆ ವಿಷ ಮುಚ್ಚುವುದೂ ಇದೇ ಬಾಗಿಲನ್ನಂತೆ.
ನಲವತ್ತು ವರ್ಷದ ಮೇಲೆ ಆ ನಾಯಿ ನೆನಪಾಯಿತು.)

ಬಾಗಿಲು ಎಲ್ಲೋ ಇದ್ದರಾಗದು, ಕರೆ ಬೀಳುವ ಜಾಗದಲ್ಲೇ ಇರಬೇಕು.
ಆದರೆ ಅವು ಪೊರೆಯ ಮೇಲೆ ತೇಲುವ ಅಲೆಮಾರಿಗಳು.
ಅಡಿಯಲ್ಲಿ ಒಂದು ಪ್ರೋಟೀನು ಚಾಪೆ ಹಾಸಿಕೊಂಡಿರುತ್ತದೆ,
ಒಳಚಾಚಿದ ಬಾಲ ಸಿಕ್ಕಿದರೆ ಹಿಡಿದುಕೊಳ್ಳುತ್ತದೆ:
ಇರು, ಸ್ವಲ್ಪ ಹೊತ್ತು ಇಲ್ಲೇ ಇರು.
ಗೆಫಿರಿನ್. ತನ್ನ ಅಜ್ಜಿಯ ಭಾಷೆಯಲ್ಲಿ
ಸೇತುವೆಗೆ ಹೇಳುವ ಮಾತು ಅದರಲ್ಲಿದೆ ಎಂದಳು, ನಗುತ್ತ.

ಪರದೆಯ ಚುಕ್ಕೆ ಅಲ್ಲಿ ನಿಂತಿತು.
ಸುತ್ತಿತು, ಕಟ್ಟಿದ ಕರುವಿನಂತೆ. ಆಮೇಲೆ ಬಿಡಿಸಿಕೊಂಡು ಹೊರಟೇಹೋಯಿತು.

'ಹಿಡಿಯುವವನು ಗಟ್ಟಿ ಇರಬೇಕಲ್ಲ?' ಕೇಳಿದ ಇದ್ವಾಲ್.
'ಅವನೂ ಬದಲಾಗುತ್ತಾನೆ. ಒಂದು ಅಣು ಕಳಚಿಕೊಳ್ಳುತ್ತದೆ,
ಇನ್ನೊಂದು ಬಂದು ಕೂರುತ್ತದೆ. ಚಾಪೆ ಮಾತ್ರ ಉಳಿಯುತ್ತದೆ.'
ನಾನು ಪೆಚ್ಚಾದೆ. ಇವನು ತಲೆಯಾಡಿಸಿದ.
ಅಳಿವೆಯ ಮರದ ರೈಲುಸೇತುವೆಯಲ್ಲಿ ಹನ್ನೊಂದು ವರ್ಷದಿಂದ
ಹುಳ ತಿಂದ ತೊಲೆ ತೆಗೆದು ಹೊಸ ತೊಲೆ ಕೂರಿಸುವವನು.
'ರೈಲು ನಿಂತಿಲ್ಲವಲ್ಲ,' ಎಂದ, ಅಷ್ಟೇ.

ಹೆಲೆದ್‌ಳಲ್ಲಿ ಕೆಟ್ಟಿರುವುದು ಚಾಪೆಯಲ್ಲ,
ಆ ಬಾಲವನ್ನು ಹೊರಬೇಕಾದ ತುಂಡು.
ಸೊಟ್ಟಾದ ಅಕ್ಷರ ನನ್ನಿಂದ ಒಂದು, ಅವನಿಂದ ಒಂದು.
ಒಂದೊಂದೇ ಇದ್ದುದಕ್ಕೆ ನಾವಿಬ್ಬರೂ
ಗುಡುಗಿಗೂ ಬೆಚ್ಚದೆ ಬೆಳೆದೆವು.

ಈಗ ಕಾಲು ಮಾತ್ರೆ, ಹಾಲಿನಲ್ಲಿ ಕದಡಿ.
ಅದು ಇವಳ ಬಾಗಿಲನ್ನು ರಿಪೇರಿ ಮಾಡುವುದಿಲ್ಲ,
ಅಂಥದೇ ಚಾಪೆಯ ಮೇಲಿನ ನೆರೆಮನೆಯ ಬಾಗಿಲಿಗೆ
ಹೇಳುತ್ತದಂತೆ: ಇನ್ನೊಂದಿಷ್ಟು ತೆರೆದಿರು.
ನೆರೆಹೊರೆ ಎಂದರೆ ಅದೇ ತಾನೆ.

ನಿನ್ನೆ ರಾತ್ರಿ ಕೊನೆಯ ರೈಲು ಸೇತುವೆ ದಾಟಿದ ಮೇಲೆ
ಕದ್ದು ನಾನೇ ತಟ್ಟಿದೆ, ಮೂಗಿನ ತುದಿ.
ಬೆಚ್ಚಿದಳು. ಬೆಚ್ಚಿದಳು. ಬೆಚ್ಚಿದಳು.
ಏಳನೆಯದಕ್ಕೆ ರೆಪ್ಪೆ ಮಾತ್ರ ಅಲುಗಿತು.

ಎಂಟನೆಯದು ತಟ್ಟಲಿಲ್ಲ.